ಕೆಂಪಕ್ಕನ ಸಹಿ

ಮಂಗಳವಾರ ಬೆಳಿಗ್ಗೆ 9.40. ಬಿಳಿಚೋಡು ಠಾಣೆಗೆ ಬಂದ ಪುಷ್ಪಾ ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವಳ ತಾಯಿ ಕೆಂಪಕ್ಕ ಐದು ದಿನದ ಹಿಂದೆ ಎದೆಯುರಿಯೆಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿ, ಗ್ಯಾಸ್ಟ್ರಿಕ್ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬಂದು ಗಂಟೆಯೊಳಗೆ ಕುಸಿದಿದ್ದಳು. ಜಗಳೂರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪ್ರಾಣ ಹೋಗಿತ್ತು. ಮರಣೋತ್ತರ ವರದಿ ಹೃದಯಾಘಾತ ಎಂದಿತ್ತು.

“ಇಸಿಜಿ ಮಾಡಾಕೆ ಹೋದ್ರೆ ಅವ್ವನೇ ಬ್ಯಾಡ ಅಂದ್ಲು ಅಂತಾರ್ರೀ ಡಾಕ್ಟ್ರು. ನಮ್ಮಣ್ಣ ನನ್ ಮುಖ ನೋಡ್ತಿಲ್ಲ. ಜೊತೆಗಿದ್ದೋಳು ಯಾಕೆ ಬಿಟ್ಟೆ ಅಂತಾನೆ.”

“ನೀವು ಒಳಗಿದ್ರಾ?” ಪಿಎಸ್‌ಐ ಅರುಣಾ ಕೇಳಿದರು.

“ಇಲ್ರೀ. ಹೊರಗೆ ಕೂರಿಸಿದ್ರು.”

11.15ಕ್ಕೆ ಅರುಣಾ ಮತ್ತು ಕಾನ್‌ಸ್ಟೆಬಲ್ ದುರುಗೇಶ್ ಕ್ಲಿನಿಕ್ಕಿನಲ್ಲಿದ್ದರು. ಪಂಚನಾಮೆ ಮಾಡಿ ಕೇಸ್‌ಶೀಟ್ ಜಪ್ತಿ ಮಾಡಿದರು. ಅದೇನು ಕೇಸ್‌ಶೀಟೋ, ಮದುವೆ ಕಾಗದದಷ್ಟು ಚೊಕ್ಕ. ನಾಡಿ, ಬಿಪಿ, ಉಸಿರಾಟ ಎಲ್ಲ ಬರೆದಿತ್ತು. ಕೊನೆಗೆ ‘ಇಸಿಜಿಗೆ ರೋಗಿ ಒಪ್ಪಲಿಲ್ಲ’ ಎಂಬ ಸಾಲು, ಅದರಡಿ ಹೆಬ್ಬೆಟ್ಟಿನ ಗುರುತು.

“ಹಳ್ಳಿ ಜನ ಮೇಡಂ, ಟೆಸ್ಟ್ ಅಂದ್ರೆ ಓಡ್ತಾರೆ,” ಎಂದ ಡಾಕ್ಟರ್ ಷಣ್ಮುಖಪ್ಪ.

“ಹೆಬ್ಬೆಟ್ಟು ಅವರದ್ದೇನಾ?”

“ಮತ್ತ್ಯಾರದ್ದು?”

ಠಾಣೆಯಲ್ಲಿ ಆ ಹಾಳೆ ನೋಡಿದ ಪುಷ್ಪಾಳ ದನಿ ಗಟ್ಟಿಯಾಯಿತು. “ಇದು ನಮ್ಮವ್ವಂದಲ್ಲ. ಮಹಿಳಾ ಸಂಘದಾಗೆ ಸಹಿ ಕಲ್ತಿದ್ಲು. ಬ್ಯಾಂಕಿನಾಗೆ ಹೆಬ್ಬೆಟ್ಟು ಕೇಳಿದ್ದಕ್ಕೆ ಮ್ಯಾನೇಜರ್ ಜೊತೆ ಜಗಳಕ್ಕೆ ನಿಂತಿದ್ಲು.”

ದುರುಗೇಶ್ ಸಂಘದ ಹಾಜರಿ ಪುಸ್ತಕ ತಂದ. ಎಂಟು ವರ್ಷ, ವಾರ ವಾರವೂ, ಅಂಕುಡೊಂಕಾಗಿ ‘ಕೆಂಪಕ್ಕ’. ಹಳ್ಳಿಯ ಮುದುಕಿಗೆ ಸಹಿ ಎಲ್ಲಿಂದ ಬರಬೇಕು ಎಂದುಕೊಂಡು ಹೆಬ್ಬೆಟ್ಟು ಒತ್ತಿದವನು ಅಲ್ಲೇ ಎಡವಿದ್ದ. ಸಂಜೆ ನಕಲಿ ದಾಖಲೆ ಸೃಷ್ಟಿಯ ಎಫ್‌ಐಆರ್ ಆಯಿತು. ಕೇಸ್‌ಶೀಟಿನ ಜೊತೆ ಕ್ಲಿನಿಕ್ಕಿನವರೆಲ್ಲರ ಬೆರಳಚ್ಚು ದಾವಣಗೆರೆಯ ಬೆರಳಚ್ಚು ಘಟಕಕ್ಕೆ ಹೋಯಿತು. ಒಂಬತ್ತನೇ ದಿನ ವರದಿ ಬಂತು. ಹೆಬ್ಬೆಟ್ಟು ಷಣ್ಮುಖಪ್ಪನದೇ.

ಅಂದೇ ಸಂಜೆ 4.20ಕ್ಕೆ ಬಂಧನ.

“ಇಸಿಜಿ ಮಷೀನ್ ಎಲ್ಲಿತ್ತು?”

“ಪಕ್ಕದ ಕೋಣೆಲಿ.”

“ನಾಡಿ, ಬಿಪಿ ನೋಡಿದ್ರಾ?”

“ಇಲ್ಲ. ಆಕೆ ಸತ್ತ ಮೇಲೆ ಬರೆದೆ.” ಅವನು ತಲೆ ಎತ್ತಲಿಲ್ಲ. “ರೋಗಿ ಬಾಗಿಲಿಗೆ ಬರ್ತಿದ್ದಂಗೆ ಕಾಯಿಲೆ ಹೇಳ್ತಾರೆ ಅಂತ ಜನ ಇಪ್ಪತ್ತಾರು ವರ್ಷ ಹೊಗಳಿದ್ರು ಮೇಡಂ. ನಾನೂ ನಂಬಿಬಿಟ್ಟೆ. ಎಡತೋಳು ಸೆಳೀತೈತೆ ಅಂದ್ಲು. ಶೇಂಗಾ ಕಿತ್ತಿರ್ತಾಳೆ ಅಂದ್ಕೊಂಡೆ. ತಪ್ಪು ಹೇಳ್ದೆ ಅಂತ ಊರಿಗೆ ಗೊತ್ತಾಗೋದು ಬೇಡಾಗಿತ್ತು.”

ಚಿಕಿತ್ಸೆಯ ಲೋಪ ವೈದ್ಯಕೀಯ ಮಂಡಳಿ ತೀರ್ಮಾನಿಸುವ ವಿಷಯವೆಂದು ಅರುಣಾ ಕಡತದಲ್ಲಿ ಬರೆದರು. ಆಮೇಲೆ ಪುಷ್ಪಾಗೆ ಫೋನ್ ಮಾಡಿದರು.

“ನಿಮ್ಮವ್ವ ಇಸಿಜಿ ಬೇಡ ಅಂದಿರಲಿಲ್ಲ. ಅವರನ್ನ ಯಾರೂ ಕೇಳಿರಲೇ ಇಲ್ಲ.”



“ಒಂದ್ನಿಮಿಷ ಇರ್ರಿ ಮೇಡಂ,” ಎಂದಳು ಪುಷ್ಪಾ. “ಅಣ್ಣಂಗೆ ಫೋನ್ ಕೊಡ್ತೀನಿ. ನೀವೇ ಹೇಳ್ರಿ.”