ಪಕ್ಕದ ಸೀಟಿನ ಬಲಗಾಲು

ಕಾರು ನನ್ನ ಎದೆಯ ಮೇಲೆ ಇಳಿಯುತ್ತಿತ್ತು!

ಬಿಳಿ ಕಾರು. ಅದನ್ನು ಎತ್ತಿ ಹಿಡಿದಿದ್ದ ಲಿಫ್ಟ್ ಗುರ್ ಎನ್ನುತ್ತಾ ಕೆಳಗೆ ಬರುತ್ತಿತ್ತು. ಅದರಡಿ ಗಾಲಿ ಹಲಗೆಯ ಮೇಲೆ ನಾನು ಅಂಗಾತ ಮಲಗಿದ್ದೆ.

ಲಿಫ್ಟಿನ ಗುಂಡಿಯ ಮೇಲೆ ಒಂದು ಬೆರಳು. ಆ ಬೆರಳಿನ ಹಿಂದೆ ಬೀರು.

ಬೀರು ಅಂದರೆ ಮನುಷ್ಯನೇ. ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೆ ಬೆಳಕು ಬರುವುದಿಲ್ಲ, ಅದಕ್ಕೇ ನಾನಿಟ್ಟ ಹೆಸರು ಅದು.

"ಬುಕ್ ಎಲ್ಲಿ?"

"ಯಾವ ಬುಕ್?"

ಕಾರು ಇನ್ನೊಂದು ಗೇಣು ಇಳಿಯಿತು.

"ಸರ್ವಿಸ್ ಬುಕ್!"

"ಲೈಬ್ರರಿಗೆ ವಾಪಸ್ ಕೊಟ್ಟೆ."

ಮತ್ತೊಂದು ಗೇಣು... ಸೈಲೆನ್ಸರ್ ನನ್ನ ಮೂಗಿನ ಹತ್ತಿರಕ್ಕೇ ಬಂತು.

"ಕಡೇ ಸಲ ಕೇಳ್ತಿದ್ದೀನಿ..."

ಕಡೇ ಸಲ ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಲಿಫ್ಟಿನ ಕಂಬಕ್ಕೆ ಕಾಲು ಕೊಟ್ಟು ಒದ್ದೆ. ಹಲಗೆ ಜರ್ರನೆ ಜಾರಿತು. ತಲೆ ಹೋಗಿ ಟಯರ್ ರಾಶಿಗೆ ಗುದ್ದಿತು. ಕಣ್ಣ ಮುಂದೆ ನಕ್ಷತ್ರ!

ಆದರೂ ಬಚಾವಾಗಿದ್ದೆ. ಬುಕ್ಕು ಶರ್ಟಿನೊಳಗೆ ಹೊಟ್ಟೆಗೆ ಅಂಟಿಕೊಂಡು ಬೆವರುತ್ತಿತ್ತು.

ತಾಳಿ... ಮೊದಲಿಂದ ಹೇಳುತ್ತೇನೆ. ನೀವೂ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರಲ್ಲವೇ? ಕೂತ್ಕೊಳ್ಳಿ. ಕೇಳಿಸಿಕೊಂಡರೆ ನಷ್ಟವಿಲ್ಲ.

ಹಳೆ ಕಾರುಗಳ ಜಾತಕ ಬಿಚ್ಚುವುದು ನನ್ನ ಕೆಲಸ. ಎಷ್ಟು ಓಡಿದೆ, ಎಲ್ಲಿ ಗುದ್ದಿದೆ, ಯಾವ ಸರ್ವಿಸ್ ನಿಜ, ಯಾವುದು ಬೊಗಳೆ. ಈ ಕೆಲಸದಲ್ಲಿ ಸ್ನೇಹಿತರು ಕಡಿಮೆ.

ಆ ದಿನ ಕಾರು ಕೊಳ್ಳುತ್ತಿದ್ದವಳು ನನ್ನ ಅಕ್ಕ.

ಅಕ್ಕ ನರ್ಸ್. ಗುಡ್ಡದ ಮೇಲಿನ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುತ್ತಾಳೆ. ಆ ರಸ್ತೆಗೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ, ಕಿವಿ ಹಿಂಡಿ, ಶಾಲೆಗೆ ಕಳಿಸಿದವಳು ಅವಳು. ಆ ಇಳಿಜಾರಿನಲ್ಲಿ ಕಾರು ಕೈಕೊಟ್ಟರೆ ನನಗೆ ಇನ್ನೊಬ್ಬ ಅಕ್ಕ ಇಲ್ಲ. ಅಷ್ಟೇ ವಿಷಯ.

ಕಾರು ಮೆಚ್ಚಿದ್ದು ಮಾತ್ರ ಭಾವ.

ಸೀಟು ಸವರಿದ್ದ. ಪರ್ಫ್ಯೂಮ್ ಮೂಸಿದ್ದ. ಹಾರ್ನ್ ಹೊಡೆದು ತಾನೇ ನಕ್ಕಿದ್ದ. ನಾನು ಶೋರೂಮಿಗೆ ಹೋಗುವಷ್ಟರಲ್ಲಿ ಚೆಕ್ಕನ್ನೂ ಬರೆದು ಕೊಟ್ಟಾಗಿತ್ತು! ಮಧ್ಯಾಹ್ನ ಅಕ್ಕ ಬಂದು ಸಹಿ ಹಾಕಿದರೆ ವ್ಯಾಪಾರ ಮುಗಿಯಿತು.

ಮಾರುವವನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ, ಎಲ್ಲರಿಗೂ ಅವನು ನಗೆಮುಖ. ಒಮ್ಮೆ ಹಲ್ಲು ಬಿಟ್ಟರೆ ಅಂಗಡಿ ಮುಚ್ಚುವವರೆಗೂ ಮುಚ್ಚುತ್ತಿರಲಿಲ್ಲ.

"ಒಬ್ಬರೇ ಓನರ್ ಸಾರ್! ರಿಟೈರ್ಡ್ ಅಕೌಂಟೆಂಟು! ವಾರಕ್ಕೊಂದ್ಸಲ ಹೊರಗೆ ತೆಗೀತಿದ್ರು, ಅದೂ ಒರೆಸೋಕೆ!"

"ನೋಡಿದ್ಯಾ?" ಎಂದ ಭಾವ.

"ಸರ್ವಿಸ್ ಬುಕ್ ಕೊಡಿ," ಎಂದೆ.

ಕೊಟ್ಟ. ಪ್ರತಿ ವರ್ಷವೂ ಸರ್ವಿಸ್. ಇಂಜಿನ್ ಆಯಿಲ್, ಟಿಕ್. ಬ್ರೇಕ್ ಆಯಿಲ್, ಟಿಕ್. ಕ್ಲಚ್, ಟಿಕ್. ಕೆಳಗೆ ಗುಂಡಗೆ ಸೀಲು.

ಮೆಕ್ಯಾನಿಕ್ ಮುಟ್ಟಿದ ಪುಸ್ತಕದಲ್ಲಿ ಗ್ರೀಸಿನ ಬೆರಳಚ್ಚು ಇರಲೇಬೇಕು. ಇದು ನವವಧುವಿನ ಕರವಸ್ತ್ರದಷ್ಟು ಚೊಕ್ಕ. ಎಲ್ಲಾ ವರ್ಷಕ್ಕೂ ಅದೇ ಪೆನ್ನು, ಅದೇ ಮುದ್ದಾದ ಅಕ್ಷರ. ಸದ್ದಿಲ್ಲದೆ ಪ್ರತಿ ಪುಟದ ಫೋಟೋ ತೆಗೆದುಕೊಂಡೆ.

ಸೀಲಿನಲ್ಲಿ ಸರ್ವಿಸ್ ಸೆಂಟರಿನ ಫೋನ್ ನಂಬರ್ ಇತ್ತು. ಒತ್ತಿದೆ.

ಬಾಗಿಲಲ್ಲಿ ನಿಂತಿದ್ದ ಅಂಗಡಿಯ ಆಳು ಬೀರುವಿನ ಜೇಬು ಹಾಡಿತು!

ಬೀರು ಫೋನು ನೋಡಿದ, ನನ್ನನ್ನು ನೋಡಿದ. ಆಮೇಲೆ ಏನು ಮಾಡುವುದೆಂದು ತೋಚದೆ ಎತ್ತಿಯೇಬಿಟ್ಟ.

"ಹಲೋ... ಸರ್ವಿಸ್ ಸೆಂಟರ್," ಎಂದ ಸಣ್ಣ ದನಿಯಲ್ಲಿ.

"ಹೆಡ್ ಮೆಕ್ಯಾನಿಕ್ ಇದ್ದಾರಾ?" ಎಂದೆ, ಎರಡಡಿ ದೂರದಿಂದ, ಅವನ ಮುಖವನ್ನೇ ನೋಡುತ್ತಾ.

"ಊಟಕ್ಕೆ ಹೋಗಿದ್ದಾರೆ."

"ನಮ್ಮ ಹುಡುಗ ಅಲ್ಲೂ ಪಾರ್ಟ್ ಟೈಮ್ ಮಾಡ್ತಾನೆ ಸಾರ್!" ಎಂದ ನಗೆಮುಖ, ಹಲ್ಲು ಒಂದಿಷ್ಟೂ ಅಲುಗಿಸದೆ.

"ಪಾಪ... ಎರಡೆರಡು ಕಡೆ ದುಡೀತಾನೆ!" ಎಂದ ಭಾವ.

ಭಾವನ ಬುದ್ಧಿಗೆ ಆಗಲೇ ಪಾಲಿಷ್ ಹತ್ತಿಬಿಟ್ಟಿತ್ತು. ಅವನಿಗೆ ಹೇಳಿ ಪ್ರಯೋಜನವಿಲ್ಲ, ತೋರಿಸಬೇಕು. ಬುಕ್ಕು ಸುಳ್ಳು, ಸರಿ. ಯಾವ ನಿಜ ಮುಚ್ಚಲು ಈ ಸುಳ್ಳು? ಬುಕ್ಕನ್ನು ಶರ್ಟಿಗೆ ಇಳಿಸಿ ಹಿಂದಿನ ಶೆಡ್ಡಿಗೆ ಜಾರಿದೆ. ಕಾರು ಲಿಫ್ಟ್ ಮೇಲಿತ್ತು. ಅದರಡಿಗೆ ನುಗ್ಗಿದೆ.

ಪ್ರತಿ ಚಕ್ರದ ಹಿಂದೆ ಒಂದು ಪುಟ್ಟ ನಟ್ಟು ಇರುತ್ತದೆ. ಹಳೆ ಬ್ರೇಕ್ ಆಯಿಲ್ ಹೊರಗೆ ಬಿಡಬೇಕಾದರೆ ಅದನ್ನು ಬಿಚ್ಚಲೇಬೇಕು. ಬುಕ್ಕಿನ ಪ್ರಕಾರ ಪ್ರತಿ ವರ್ಷ ಬಿಚ್ಚಿದ್ದಾರೆ. ನಾನು ನೋಡಿದೆ... ನಟ್ಟಿನ ಮೇಲೆ ತುಕ್ಕು, ತುಕ್ಕಿನ ಮೇಲೆ ಕಲ್ಲಾದ ಮಣ್ಣು. ಕಾರು ಹುಟ್ಟಿದಾಗಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಹಳೆ ಆಯಿಲ್ ಊರೊಳಗೆ ಹೇಗೋ ನಡೆಯುತ್ತದೆ, ಉದ್ದದ ಇಳಿಜಾರಿನಲ್ಲಿ ಬಿಸಿಯಾಗಿ ಕುದ್ದರೆ ಬ್ರೇಕೇ ಇರುವುದಿಲ್ಲ.

ಇನ್ನೊಂದು ವಿಚಿತ್ರ. ಡ್ರೈವರ್ ಪಕ್ಕದ ಸೀಟಿದೆಯಲ್ಲ, ಅಲ್ಲಿ ಕಾಲಿಡುವ ಜಾಗದಡಿ ಎರಡು ತೂತು. ಕಪ್ಪು ರಬ್ಬರ್ ತುರುಕಿ ಮುಚ್ಚಿದ್ದರು. ಯಾವ ಕಂಪನಿಯೂ ಅಲ್ಲಿ ತೂತು ಕೊರೆಯುವುದಿಲ್ಲ. ಇದೇಕೆ ಇಲ್ಲಿ?

ಯೋಚಿಸುತ್ತಿದ್ದಾಗಲೇ ಲಿಫ್ಟ್ ಗುರ್ ಎಂದದ್ದು. ಮುಂದಿನದು ನಿಮಗೆ ಗೊತ್ತು.

ಎದ್ದೆ. ಓಡಿದೆ!

ಹಿಂದೆ ಬೀರು. ಸಾಲಾಗಿ ನಿಂತ ಕಾರುಗಳ ನಡುವೆ ನಾನು ನುಸುಳುತ್ತಿದ್ದೆ, ಅವನು ಸೈಡ್ ಮಿರರ್‌ಗಳನ್ನು ಮಡಚುತ್ತಾ ಬರುತ್ತಿದ್ದ. ಗೇಟು ಇನ್ನೇನು ಸಿಕ್ಕಿತು...

ಗೇಟಿನಲ್ಲಿ ಅಕ್ಕ!

ಬಿಳಿ ಯೂನಿಫಾರ್ಮ್. ಹೆಗಲಿಗೆ ಹೆರಿಗೆಯ ಬ್ಯಾಗು. ಸೊಂಟದ ಮೇಲೆ ಕೈ.

"ಏನ್ರೋ ಇದು, ಈ ವಯಸ್ಸಲ್ಲಿ ಮುಟ್ಟಾಟ?"

ಬೀರು ಗಕ್ಕನೆ ನಿಂತ. ಅಕ್ಕನ ಆ ದನಿಗೆ ಯಾರಾದರೂ ನಿಲ್ಲಲೇಬೇಕು.

"ಅಕ್ಕಾ, ಈ ಕಾರು ಬೇಡ! ಬುಕ್ ಸುಳ್ಳು! ಬ್ರೇಕ್ ಆಯಿಲ್ ಯಾವ ಕಾಲದ್ದೋ!"

"ನಿಮ್ಮ ಭಾವ ಸರಿ ಇದೆ ಅಂತಾರೆ. ನೀನು ಸರಿ ಇಲ್ಲ ಅಂತೀಯ. ಇಬ್ಬರ ಮಾತೂ ಬೇಡ. ನಾನೇ ಓಡಿಸಿ ನೋಡ್ತೀನಿ."

"ಆಹಾ, ಓಡಿಸಿ ಮೇಡಂ!" ಎಂದ ನಗೆಮುಖ. "ಇಲ್ಲೇ ಬೀದಿ ಸುತ್ತ ಒಂದು ರೌಂಡು..."

"ಬೀದಿ ಸುತ್ತ ಯಾರ ಹೆರಿಗೆ ಮಾಡಿಸ್ಲಿ? ಗುಡ್ಡಕ್ಕೇ ಹೋಗ್ತೀನಿ."

ನಗೆಮುಖದ ಹಲ್ಲು ಮೊದಲ ಸಲ ಒಳಗೆ ಹೋಯಿತು.

ಅಕ್ಕನ ಜೊತೆ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ. ಕೀ ಕಿತ್ತುಕೊಂಡಳು, ಸ್ಟಾರ್ಟ್ ಮಾಡಿದಳು. ಅವಳನ್ನು ಒಬ್ಬಳೇ ಕಳಿಸಲು ನನ್ನ ಕೈಲಾಗಲಿಲ್ಲ. ಹಿಂದಿನ ಸೀಟಿಗೆ ಹಾರಿದೆ. ನನ್ನ ಶರ್ಟಿನಲ್ಲಿ ಬುಕ್ಕಿತ್ತಲ್ಲ, ಅದರ ಹಿಂದೆಯೇ ಬೀರುವೂ ಬಂದು ಅಕ್ಕನ ಪಕ್ಕದ ಸೀಟಿನಲ್ಲಿ ತುರುಕಿಕೊಂಡ.

ಅಷ್ಟು ದೊಡ್ಡ ಆಳು ಸೀಟನ್ನು ಹಿಂದಕ್ಕೆ ತಳ್ಳಬೇಕು, ಅಲ್ಲವೇ? ಅವನು ಮುಂದಕ್ಕೆ ಎಳೆದುಕೊಂಡ! ಮಂಡಿ ಡ್ಯಾಶ್‌ಬೋರ್ಡಿಗೆ ಒತ್ತಿತು. ಆಗಲೇ ನನಗೆ ಹೊಳೆಯಬೇಕಿತ್ತು.

ಗುಡ್ಡ ಹತ್ತಿದೆವು. ಹಿಂದೆ ಭಾವನ ಸ್ಕೂಟರು, ಅದರ ಮೇಲೆ ಭಾವನ ಸೊಂಟ ತಬ್ಬಿಕೊಂಡ ನಗೆಮುಖ.

ಬೀರು ನನ್ನತ್ತ ತಿರುಗಿದ. ಕಣ್ಣು ಕೆಂಪಗೆ.

"ಬುಕ್ ಕೊಡು. ಇಲ್ಲ ಅಂದ್ರೆ ಇಳಿದ ತಕ್ಷಣ ನಿನ್ನ ಕೈ ಮುರಿದು... ಮೇಡಂ, ಇಂಡಿಕೇಟರ್!"

"ಹಾಕಿದೆ ಕಣಪ್ಪ," ಎಂದಳು ಅಕ್ಕ.

"ಕೈ ಮುರಿದು ಹೆಗಲಿಗೆ ನೇತು ಹಾಕ್ತೀನಿ. ತಿಳೀತಾ? ನಾನು ಎಂಥಾ ಕಟುಕ ಅಂತ ನಿನಗೆ... ಹಾಫ್ ಕ್ಲಚ್ ಮೇಡಂ, ಹಾಫ್ ಕ್ಲಚ್! ಹಾಂ... ಗುಡ್!"

ಇವನೆಂಥ ರೌಡಿಯಪ್ಪಾ?

ತುದಿ ಮುಟ್ಟಿ ತಿರುಗಿದೆವು. ಇಳಿಜಾರು ಶುರು. ಕೆಳಗೆ ಮನೆಗಳು ಬೆಂಕಿಪೊಟ್ಟಣದಷ್ಟು.

"ಅಕ್ಕಾ, ಬ್ರೇಕ್ ಮೇಲೇ ಕಾಲಿಡಬೇಡ..."

"ಹೆರಿಗೆ ಮಾಡಿಸೋದನ್ನೂ ನೀನೇ ಹೇಳಿಕೊಡು!"

ಒಂದು ತಿರುವು. ಇನ್ನೊಂದು. ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಮೂರನೇ ತಿರುವಿನಲ್ಲಿ ಅಕ್ಕ ಒಂದು ಥರದ ದನಿಯಲ್ಲಿ, "ಏನೋ ಇದು... ಬ್ರೇಕು ಮೆತ್ತಗಾಗ್ತಿದೆ," ಎಂದಳು.

ಅವಳ ಕಾಲು ಪೆಡಲ್ಲನ್ನು ನೆಲದವರೆಗೂ ಒತ್ತಿತು. ಕಾರು ನಿಲ್ಲಲಿಲ್ಲ!

ಧಡ್!

ಬೀರುವಿನ ಬಲಗಾಲು. ಪಕ್ಕದ ಸೀಟಿನ ಮುಂದೆ, ಏನೂ ಇಲ್ಲದ ನೆಲಕ್ಕೆ ಜೋರಾಗಿ ಒದ್ದಿತು.

ಧಡ್! ಧಡ್! ಅದೇ ಜಾಗಕ್ಕೆ.

ಅದರ ಕೆಳಗೇ ಇದ್ದವು ಆ ಎರಡು ತೂತು!

"ಡ್ರೈವಿಂಗ್ ಸ್ಕೂಲ್!" ಎಂದು ಕಿರುಚಿದೆ. "ಅಲ್ಲಿ ಪೆಡಲ್ ಇತ್ತು! ಇದು ಡ್ರೈವಿಂಗ್ ಸ್ಕೂಲ್ ಕಾರು! ನೀನು ಅದರ ಮೇಷ್ಟ್ರು!"

"ಆಮೇಲೆ!!" ಎಂದು ಗುಡುಗಿದ ಬೀರು.

ಅಕ್ಕನ ಕಡೆ ತಿರುಗಿದಾಗ ಮಾತ್ರ ಅವನ ದನಿಯೇ ಬೇರೆ. ಮಗು ಮಲಗಿಸುವವರ ದನಿ.

"ಮೇಡಂ. ಏನೂ ಆಗಲ್ಲ. ನನ್ನ ಮಾತು ಮಾತ್ರ ಕೇಳಿ. ಕ್ಲಚ್ ಒತ್ತಿ. ಸೆಕೆಂಡ್ ಗೇರ್. ಈಗ ಕ್ಲಚ್ ಬಿಡಿ... ನಿಧಾನ..."

ಇಂಜಿನ್ ಕಿರುಚಿತು. ವೇಗ ಒಂಚೂರು ತಗ್ಗಿತು.

"ಗುಡ್. ಕಮರಿ ನೋಡಬೇಡಿ, ರಸ್ತೆ ನೋಡಿ. ನಾವು ನೋಡಿದ ಕಡೆಗೇ ಕಾರು ಹೋಗುತ್ತೆ. ಈಗ ಫಸ್ಟ್ ಗೇರ್..."

ಅವನ ಕೈ ಹ್ಯಾಂಡ್‌ಬ್ರೇಕನ್ನು ಒಂದೊಂದೇ ಹಲ್ಲು ಎಳೆಯುತ್ತಿತ್ತು. ಟಿಕ್... ಟಿಕ್... ಚಕ್ರ ಕಮರಿಯ ಅಂಚಿನ ಕಲ್ಲುಗಳನ್ನು ಉರುಳಿಸುತ್ತಾ ಹೋಯಿತು. ಕಲ್ಲು ಕೆಳಗೆ ಬಿದ್ದ ಸದ್ದು ಬರಲೇ ಇಲ್ಲ.

"ಮುಂದೆ ಬಂಡೆ ಪಕ್ಕ ಮರಳು ರಾಶಿ ಕಾಣುತ್ತಾ? ಅದಕ್ಕೆ ಮೂತಿ ಕೊಡಿ. ಸ್ಟಿಯರಿಂಗ್ ಬಿಗಿ ಹಿಡಿದು... ಹಾಂ!"

ಧೊಪ್!

ನಿಂತಿತು.

ನಾನು ಎರಡೂ ಕೈಯಲ್ಲಿ ಬೀರುವಿನ ಕಾಲರ್ ಹಿಡಿದುಕೊಂಡಿದ್ದೇನೆ ಎಂದು ಆಗ ಗೊತ್ತಾಯಿತು. ಅಕ್ಕ ಸ್ಟಿಯರಿಂಗ್ ಮೇಲೆ ಹಣೆ ಇಟ್ಟಳು. ಎಂಥ ಹೆರಿಗೆಯಲ್ಲೂ ಎದೆಗುಂದದ ಅಕ್ಕ. ನನಗೆ ಅಳು ಬಂತು. ಬಂತು ಅಂದರೆ ಬಂತು, ನಗಬೇಡಿ.

"ಇಳೀರಿ," ಎಂದ ಬೀರು. "ಮರಳು ಸರಿದ್ರೆ ಮತ್ತೆ ಉರುಳುತ್ತೆ. ಚಕ್ರಕ್ಕೆ ಏನಾದ್ರೂ ಕೊಡಿ."

ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟೆ. ಸಂದಿ ಉಳಿಯಿತು. ಕೈಗೆ ಸಿಕ್ಕಿದ್ದನ್ನು ಅಲ್ಲಿಗೆ ಬಿಗಿಯಾಗಿ ತುರುಕಿದೆ.

ಬೀರು ರಸ್ತೆ ಬದಿ ಕೂತುಬಿಟ್ಟ.

"ಎಷ್ಟೋ ವರ್ಷ ಇದೇ ಸೀಟಲ್ಲಿ ಕೂತು ಕಲಿಸಿದ್ದೀನಿ. ನನ್ನ ಕಡೆ ಬ್ರೇಕು, ಕ್ಲಚ್ಚು ಎರಡೂ ಇತ್ತು. ಸ್ಕೂಲ್ ಮುಚ್ಚಿದಾಗ ಕಾರಿನ ಜೊತೆ ನನ್ನನ್ನೂ ನಮ್ಮ ಯಜಮಾನನೇ ತಗೊಂಡ. ಪೆಡಲ್ ಕಿತ್ತ. ಹೊಸ ಬುಕ್ ಮಾಡಿಸಿದ."

"ಬರೆದದ್ದು?"

"ನಾನೇ." ತಲೆ ತಗ್ಗಿಸಿದ. "ಅಕ್ಷರ ಚೆನ್ನಾಗಿದೆ ಅಂತ..."

"ನನ್ನ ಮೇಲೆ ಕಾರು ಇಳಿಸಿದ್ಯಲ್ಲಯ್ಯ?"

"ಹೆದರಿಸೋಕೆ ಅಷ್ಟೇ. ಪೂರ್ತಿ ಇಳಿದ್ರೂ ಅಡಿಯಲ್ಲಿ ಒಂದು ಗೇಣು ಜಾಗ ಇರುತ್ತೆ."

"ನನ್ನ ಹೊಟ್ಟೆ ಒಂದು ಗೇಣಿಗಿಂತ ಜಾಸ್ತಿ ಇದೆ!"

ಅವನು ನನ್ನ ಹೊಟ್ಟೆ ನೋಡಿದ. "ಸಾರಿ," ಎಂದ, ಮನಸಾರೆ.

ಸ್ಕೂಟರ್ ಬಂತು. ನಗೆಮುಖ ಹಲ್ಲನ್ನು ಮತ್ತೆ ಜೋಡಿಸಿಕೊಂಡೇ ಇಳಿದ.

"ಅಯ್ಯೋ, ಮರಳಿಗೆ ಯಾಕೆ ನುಗ್ಗಿಸಿದ್ರಿ? ಮೇಡಂಗೆ ಓಡಿಸೋಕೆ ಬರಲ್ವಾ?"

ಭಾವ ಸ್ಕೂಟರ್ ನಿಲ್ಲಿಸಿ ಬಂದ. ಮರಳಲ್ಲಿ ಹೂತ ಕಾರು ನೋಡಿದ. ಎದುರಿನ ಕಮರಿ ನೋಡಿದ. ಅಕ್ಕನ ಮುಖ ನೋಡಿದ. ಅವಳ ಕೈ ಹಿಡಿದುಕೊಂಡು ಇನ್ನೊಂದು ಕೈ ಚಾಚಿದ.

"ನನ್ನ ಚೆಕ್ ಕೊಡಿ."

"ಸಾರ್! ಬ್ರೇಕ್ ಹೊಸದು ಸಾರ್! ಬುಕ್ಕಲ್ಲೇ ಇದೆ..."

ನಾನು ಕಾರಿನ ಕೀ ತೆಗೆದು ಅವನ ಅಂಗೈಗೆ ಇಟ್ಟೆ.

"ಹೊಸದು ತಾನೆ? ಹಾಗಾದ್ರೆ ನೀವೇ ಕೆಳಗೆ ಇಳಿಸ್ಕೊಂಡು ಹೋಗಿ. ನಾವು ನೋಡ್ತಾ ನಿಂತಿರ್ತೀವಿ."

ಕೀ ನೋಡಿದ. ಇಳಿಜಾರು ನೋಡಿದ. ಕೈ ಮೆಲ್ಲಗೆ ಜೇಬಿಗೆ ಹೋಯಿತು.

ಚೆಕ್ಕು ವಾಪಸ್ ಬಂತು.

ಸ್ಕೂಟರ್ ಹಿಂದೆ ಈಗ ಅಕ್ಕ ಕೂತಳು. ಬೀರು ಎದ್ದು ಪ್ಯಾಂಟಿನ ಮಣ್ಣು ಕೊಡವಿ, "ನಾಳೆಯಿಂದ ನಾನು ಬರಲ್ಲ," ಎಂದ ಯಜಮಾನನಿಗೆ.

"ನಮ್ಮನೆಗೆ ಬಾ," ಎಂದಳು ಅಕ್ಕ. "ಬೇರೆ ಕಾರು ತಗೊಂಡ ಮೇಲೆ ನನಗೆ ಇಳಿಜಾರು ಕಲಿಸ್ಬೇಕು. ತಡ ಮಾಡಿದ್ರೆ ಕಿವಿ ಹಿಂಡ್ತೀನಿ."

ಬೀರು ನಾಚಿದ. ಬೀರುವೊಂದು ನಾಚುವುದನ್ನು ನಾನು ನೋಡಿದ್ದು ಅದೇ ಮೊದಲು.

ನಾವಿಬ್ಬರೂ ನಡೆಯತೊಡಗಿದೆವು. ನಗೆಮುಖ ಹಿಂದಿನಿಂದ ಕೂಗಿದ. ದನಿಯಲ್ಲಿ ಈಗ ನಗುವಿರಲಿಲ್ಲ.

"ಏಯ್! ಈ ಊರಲ್ಲಿ ಇನ್ನೊಂದು ಕಾರು ಮುಟ್ಟಿ ನೋಡು, ನಿನ್ನ ಕಥೆ ಮುಗಿಸ್ತೀನಿ! ನನ್ನ ಸರ್ವಿಸ್ ಬುಕ್ ಎಲ್ಲಿ?"

ನಾನು ತಿರುಗಲೂ ಇಲ್ಲ.

"ಮುಂದಿನ ಚಕ್ರದ ಕೆಳಗಿದೆ. ಎಳೀಬೇಡಿ... ಆ ಕಾರಿಗಿರೋ ಬ್ರೇಕು ಅದೊಂದೇ!"