ಕಂದು ಲಂಗದ ಹುಡುಗಿ

“ಇದು ಯಾರ್ರೀ?”

ಸೊಸೆಯ ಈ ಪ್ರಶ್ನೆಗೆ ಮನೆಯಲ್ಲಿದ್ದ ಗಂಡ, ದರ್ಜಿ ಮಾವ, ಮಾವನ ಅಕ್ಕ ಮೂವರೂ ಬೆಚ್ಚಿ ಅವಳ ಕಡೆ ತಿರುಗಿದರು. ಗಂಡ ಆಗ ತಾನೇ ಅಚ್ಚಿನ ಅಂಗಡಿಯಿಂದ ತಂದಿದ್ದ ಕಾಗದದ ಕಟ್ಟು ಹೊಲಿಗೆ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಮಸಿ ಇನ್ನೂ ಸರಿಯಾಗಿ ಆರಿರಲಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ‘ಕಾಣೆಯಾಗಿದ್ದಾಳೆ’ ಎಂದಿತ್ತು, ಅದರ ಕೆಳಗೆ ನಾದಿನಿಯ ಮೂರು ವರ್ಷ ಹಳೆಯ ಫೋಟೋ.

“ಯಾರು ಅಂದ್ರೆ? ತಲೆ ನೆಟ್ಟಗಿದೆಯಾ ನಿಂಗೆ? ನನ್ನ ತಂಗಿ!” ಎಂದು ಗಂಡ ರೇಗಿದ. ಎರಡು ದಿನದಿಂದ ಕಣ್ಣು ಮುಚ್ಚದ ಅವನ ಮುಖ ಬಾಡಿ ಹೋಗಿತ್ತು.

“ಮುಖ ಅವಳದೇ. ಆದ್ರೆ ಈ ಬಟ್ಟೆ? ‘ಪಾದ ಮುಟ್ಟುವ ಕಂದು ಲಂಗ, ಮಣಿಕಟ್ಟು ಮುಚ್ಚುವ ತೋಳಿನ ಬಿಳಿ ಅಂಗಿ’... ಇದನ್ನ ಅವಳು ಹಾಕ್ಕೊಂಡು ಹೋಗಿದ್ದು ಯಾವಾಗ? ಇದನ್ನ ಬರೆಸಿದ್ದು ಯಾರು?”

ಈ ಸೊಸೆಗೆ ಮನೆಯಲ್ಲಿ ‘ಪ್ರಶ್ನೆಪತ್ರಿಕೆ’ ಎಂದೇ ಹೆಸರು. ಮದುವೆಯಾಗಿ ಬಂದ ಮೊದಲ ವಾರವೇ ಈ ಬಾಗಿಲು ಯಾಕೆ ಒಳಗಡೆ ತೆರೆಯುತ್ತದೆ, ಆ ಗಡಿಯಾರ ಯಾಕೆ ಹತ್ತು ನಿಮಿಷ ಮುಂದಿದೆ ಎಂದು ಕೇಳಿ ಕೇಳಿ ಎಲ್ಲರ ತಲೆ ತಿಂದವಳು ಅವಳು. ಹೆಸರಿಟ್ಟವಳು ನಾದಿನಿಯೇ. ಆ ನಾದಿನಿಯೇನು ಕಡಿಮೆಯವಳೇ? ದರ್ಜಿಯ ಮಗಳು, ಕಡ್ಡಿಯಂತೆ ಸಣ್ಣಗೆ, ಮಾತು ಮಾತ್ರ ಚುರುಕು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ‘ಸೂಜಿ’ ಎಂದು! ಕನ್ನಡಕದ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ಏಳೂವರೆಗೆ ಮನೆ. ಮೊನ್ನೆ ಹಾಗೆ ಹೋದವಳು ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಅಂಗಡಿಯಲ್ಲಿ ವಿಚಾರಿಸಿದರೆ, ಆರೂ ಮುಕ್ಕಾಲಿಗೇ ಹೊರಟಳಲ್ಲ ಎಂದರು. ನಿನ್ನೆ ಬೆಳಿಗ್ಗೆ ಅವಳ ಅಪ್ಪ ಮತ್ತು ಅಪ್ಪನ ಅಕ್ಕ ಇಬ್ಬರೂ ಠಾಣೆಗೆ ಹೋಗಿ ದೂರು ಕೊಟ್ಟು ಬಂದರು. ಆ ಅಪ್ಪನ ಅಕ್ಕನನ್ನು ಮನೆಮಂದಿಯೆಲ್ಲ ಕರೆಯುವುದು ದೊಡ್ಡತ್ತೆ ಎಂದು. ಸೂಜಿಯ ತಾಯಿ ತೀರಿಕೊಂಡ ಮೇಲೆ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಸಾಕಿದವಳು. ಅವಳ ಮಾತೆಂದರೆ ಆ ಮನೆಯಲ್ಲಿ ಗೆರೆ ಎಳೆದ ಹಾಗೆ, ಯಾರೂ ದಾಟುವಂತಿರಲಿಲ್ಲ.

ದೂರು ಕೊಟ್ಟದ್ದೇ ತಡ, ಬೀದಿಗೆ ಬೀದಿಯೇ ವಿಚಾರಿಸಲು ಬಂತು. ಅಬ್ಬಬ್ಬಾ, ಏನು ಕುತೂಹಲ! ಎದುರುಮನೆಯ ಮೇಷ್ಟ್ರಿಗೆ ಅವಳು ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದಳು ಎಂಬುದು ಬೇಕಿತ್ತು. ಮೂಲೆಯ ಔಷಧಿ ಅಂಗಡಿಯವನ ಹೆಂಡತಿಗೆ, ಕತ್ತಲಾದ ಮೇಲೆ ಒಬ್ಬಳೇ ಯಾಕೆ ಬರಬೇಕಿತ್ತು ಎಂಬುದು. “ನಗ್ತಾ ನಗ್ತಾ ಎಲ್ಲರ ಜೊತೆ ಮಾತಾಡ್ತಿತ್ತು ಹುಡುಗಿ... ಅದೇ ಮುಳುವಾಯ್ತೋ ಏನೋ” ಎಂದು ಒಬ್ಬಾಕೆ ಸೆರಗಿಗೆ ಕಣ್ಣೊರೆಸಿಕೊಂಡಳು. ಯಾವ ಕಾಲದ ಫೋಟೋ, ಯಾವ ಗೆಳತಿ, ಯಾವ ನಗು ಎಲ್ಲವೂ ವಿಚಾರಣೆಗೆ ಬಂತು. ಅವಳು ಈಗ ಎಲ್ಲಿರಬಹುದು, ಹಸಿದಿರಬಹುದೇ, ನೋವಿನಲ್ಲಿರಬಹುದೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ಮನೆಯವರನ್ನೇ ತೆಗೆದುಕೊಳ್ಳಿ. ಮೂರು ವಾರದ ಹಿಂದೆ ಊಟಕ್ಕೆ ಕುಳಿತಾಗ ಸೂಜಿ ತಾನಾಗಿಯೇ ಬಾಯಿಬಿಟ್ಟಿದ್ದಳು. ಯಾರೋ ಒಬ್ಬ ದಿನವೂ ಅವಳ ಬಸ್ಸಿಗೇ ಹತ್ತಿ, ಅವಳು ಇಳಿದಲ್ಲೇ ಇಳಿದು, ತಿರುವಿನವರೆಗೂ ಹಿಂದೆಯೇ ಬರುತ್ತಾನೆ ಎಂದು. ಅದಕ್ಕೆ ದೊಡ್ಡತ್ತೆ ಏನಂದಳು ಗೊತ್ತೇ? “ಅವನು ಹಿಂದೆ ಬರ್ತಾನೆ ಅಂತ ನಿಂಗೆ ಹೇಗೆ ಗೊತ್ತಾಯ್ತು? ನೀನು ತಿರುಗಿ ನೋಡಿದ್ದಕ್ಕೆ ತಾನೇ!” ಅಣ್ಣ ನಕ್ಕುಬಿಟ್ಟ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಸೂಜಿ ಆಮೇಲೆ ಆ ಸುದ್ದಿಯನ್ನೇ ಎತ್ತಲಿಲ್ಲ. ಎಲ್ಲರೂ, ಸದ್ಯ, ಅದು ಮುಗಿಯಿತು ಎಂದುಕೊಂಡರು.

“ಹೇಳಿ ದೊಡ್ಡತ್ತೆ, ಈ ವಿವರ ಯಾರು ಕೊಟ್ಟಿದ್ದು?” ಸೊಸೆ ಮತ್ತೆ ಕೇಳಿದಳು.

“ನಾನೇ. ಏನೀಗ?” ದೊಡ್ಡತ್ತೆ ಎದ್ದು ನಿಂತಳು. “ಅವಳು ಹಾಕ್ಕೊಂಡು ಹೋಗಿದ್ದನ್ನ ಠಾಣೇಲಿ ಹೇಳೋ ಹಾಗಿತ್ತಾ? ತೋಳಿಲ್ಲ, ಮೊಣಕಾಲು ಮುಚ್ಚಲ್ಲ, ಕಣ್ಣಿಗೆ ಹೊಡೆಯೋ ಹಳದಿ! ಅಂಥ ಫ್ರಾಕು ಅಂದಿದ್ರೆ ಪೊಲೀಸರು ಏನಂತಿದ್ರು? ಯಾರ ಜೊತೆಗೋ ಓಡಿಹೋಗಿರ್ತಾಳೆ, ನಾಕು ದಿನ ಬಿಟ್ಟು ಬರ್ತಾಳೆ ಅಂತ ಕೈ ತೊಳ್ಕೋತಿದ್ರು! ಒಳ್ಳೆ ಮನೆ ಹುಡುಗಿ ಅಂದ್ರೆ ತಾನೇ ಹುಡುಕೋದು? ನಾನು ಹೇಳಿದ್ದು ಅವಳ ಒಳ್ಳೇದಕ್ಕೇ!”

ಸುಳ್ಳಲ್ಲ, ಅವಳು ಹಾಗೆ ನಂಬಿಯೇ ಹೇಳಿದ್ದಳು. ಇಪ್ಪತ್ತು ವರ್ಷ ಸಾಕಿದ ಹುಡುಗಿಗಾಗಿ ಅವಳ ಕರುಳು ಮಿಡಿಯುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಆದರೆ ಠಾಣೆಯಲ್ಲಿ ಆ ಮಾತಿಗೆ ತೂಕ ಬಂದದ್ದು ದೊಡ್ಡತ್ತೆಯಿಂದಲ್ಲ, ದರ್ಜಿಯಿಂದ! ಅಕ್ಕ ಕಂದು ಲಂಗ ಎಂದ ಕೂಡಲೇ ಇನ್ಸ್‌ಪೆಕ್ಟರಮ್ಮ ಅವನ ಮುಖ ನೋಡಿದ್ದರು. ಮೇಜಿನ ಕೆಳಗೆ ಅಕ್ಕ ಅವನ ಕಾಲು ತುಳಿದಿದ್ದಳು. ಅವನು ತಾನೇ ಹಿಂದಿನ ವರ್ಷ ಹೊಲಿದುಕೊಟ್ಟಿದ್ದ ಲಂಗದ ಉದ್ದ ಇಷ್ಟು ಇಂಚು, ನೆರಿಗೆ ಇಷ್ಟು, ಅಂಗಿಗೆ ಆರು ಗುಂಡಿ ಎಂದು ಒಪ್ಪಿಸಿಬಿಟ್ಟಿದ್ದ. ಹೊಲಿದವನೇ ಹೇಳುತ್ತಿರುವಾಗ ಯಾರಿಗೆ ಅನುಮಾನ ಬರುತ್ತದೆ?

ಆ ಹಳದಿ ಫ್ರಾಕು ಹೊಲಿದವಳು ಸೊಸೆಯೇ. ದೊಡ್ಡತ್ತೆ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ, ಮಾವನ ಮಿಷನ್ನಿನಲ್ಲಿ, ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಗುತ್ತ ಹೊಲಿದದ್ದು.

“ಅಂದ್ರೆ... ನಿನ್ನೆಯಿಂದ ಪೊಲೀಸರು ಕಂದು ಲಂಗದ ಹುಡುಗೀನ ಹುಡುಕ್ತಿದಾರಾ? ಯಾರಾದ್ರೂ ಹಳದಿ ಫ್ರಾಕಿನ ಹುಡುಗೀನ ನೋಡಿದ್ದೀವಿ ಅಂತ ಬಂದ್ರೆ, ಅವಳಲ್ಲ ಅಂತ ಕಳಿಸ್ತಾರಾ?”

ಸೊಸೆ ಒಂದು ಕಾಗದ ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ?” ಗಂಡ ಅಡ್ಡ ನಿಂತ. “ಈಗ ಹೋಗಿ ಅದು ಸುಳ್ಳು ಅಂದ್ರೆ ಅಪ್ಪನ್ನೇ ಒಳಗೆ ಹಾಕ್ತಾರೆ! ಸ್ವಲ್ಪ ಯೋಚನೆ ಮಾಡೇ...”

“ಅವಳನ್ನ ಬಿಡಪ್ಪಾ, ಹೋಗ್ಲಿ!” ದೊಡ್ಡತ್ತೆ ಕೂಗಿದಳು. “ಆ ದರಿದ್ರ ಬಟ್ಟೆ ಹೊಲಿದುಕೊಟ್ಟು ಹುಡುಗೀನ ಬೀದಿಗೆ ಬಿಟ್ಟವಳು ಇವಳೇ ಅಂತ ಅವರಿಗೂ ಗೊತ್ತಾಗ್ಲಿ! ನನ್ನ ಕೂಸಿಗೇನಾದ್ರೂ ಆಗಿದ್ರೆ ಅದು ನಿನ್ನ ತಲೆ ಮೇಲೆ! ಇವತ್ತು ಹೊಸ್ತಿಲು ದಾಟಿದ್ರೆ ಮತ್ತೆ ಈ ಮನೆಗೆ ಕಾಲಿಡಬೇಡ!”

ಹೋಗಲು ಸೊಸೆಗೆ ಬೇರೆ ಮನೆಯಿರಲಿಲ್ಲ. ತಾಯಿ ಇಲ್ಲ, ತಂದೆ ಮತ್ತೊಂದು ಸಂಸಾರ ಕಟ್ಟಿಕೊಂಡಿದ್ದ. ಮೂರು ವರ್ಷದಲ್ಲಿ ಅವಳನ್ನು ಈ ಮನೆಯವಳೆಂದು ಮೊದಲು ಕೈ ಹಿಡಿದು ಒಳಗೆ ಕರೆದವಳು ಆ ಸೂಜಿಯೇ! ಕಣ್ಣೀರು ಬಳಬಳನೆ ಇಳಿಯಿತು. ಆದರೂ ಅವಳು ಮಾವನ ಮುಂದೆ ಹೋಗಿ ನಿಂತಳು.

“ಮಾವ, ಮೊನ್ನೆ ಅವಳು ಗೇಟು ದಾಟುವಾಗ ನೀವು ನೋಡಿದ್ರಾ?”

“ನೋಡಿದೆ.”

“ಏನು ಹಾಕಿದ್ಲು?”

ದರ್ಜಿ ಕತ್ತರಿಯನ್ನು ಮೇಜಿನ ಮೇಲಿಟ್ಟ. ಬೇರೆ ಯಾರದೋ ದನಿಯಲ್ಲಿ ಮಾತಾಡಿದ.

“ಹಳದಿ. ಮೊಣಕಾಲಿಗಿಂತ ಎರಡಿಂಚು ಮೇಲೆ... ಅಂಚು ಎಷ್ಟು ನೇರವಾಗಿ ಬಂದಿದೆ, ನನ್ನ ಸೊಸೆ ಕೈ ಕುದುರಿದೆ ಅಂತ ಮನಸ್ಸಲ್ಲೇ ಅಂದ್ಕೊಂಡೆ ಕಣಮ್ಮಾ. ಚೆನ್ನಾಗಿದೆ ಅಂತ ಅವಳಿಗೆ ಒಂದು ಮಾತು ಹೇಳ್ಲಿಲ್ಲ. ಅಕ್ಕ ಬೈತಿದ್ಲು, ಸುಮ್ಮನಿದ್ದೆ. ಠಾಣೇಲೂ ಸುಮ್ಮನಿದ್ದಿದ್ರೆ ಆಗ್ತಿತ್ತು... ಅಲ್ಲಿ ಮಾತ್ರ ಮಾತಾಡಿದೆ! ಅಯ್ಯೋ, ನನ್ನ ಮಗಳೇ!”

ಮುದುಕ ಎರಡೂ ಕೈಯಲ್ಲಿ ತಲೆ ಹೊಡೆದುಕೊಂಡ. ಆಮೇಲೆ ಎದ್ದು, ಕೊರಳಿನ ಟೇಪು ತೆಗೆಯುವುದನ್ನೂ ಮರೆತು, ಸೊಸೆಗಿಂತ ಮುಂಚೆ ಹೊಸ್ತಿಲು ದಾಟಿದ. ಮಗ ಹಿಂದೆಯೇ ಓಡಿದ. ದೊಡ್ಡತ್ತೆ ಒಬ್ಬಳೇ ಆ ಕಾಗದಗಳ ಮುಂದೆ ನಿಂತಳು.

ಠಾಣೆಯಲ್ಲಿ ಇನ್ಸ್‌ಪೆಕ್ಟರಮ್ಮ ದರ್ಜಿಯ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಅರ್ಧದಲ್ಲೇ ಅವರ ಮುಖ ಕಪ್ಪಿಟ್ಟಿತು. ಒಂದು ಫೋನ್ ಮಾಡಿ, ಬಣ್ಣ ಹೇಳಿ, ಆ ಕಡೆಯವರು ಹೇಳಿದ್ದಕ್ಕೆ ಎರಡು ಸಲ ಹ್ಞೂಂ ಎಂದು ಫೋನ್ ಇಟ್ಟರು.

“ನಿನ್ನೆ ಮಧ್ಯಾಹ್ನವೇ ಆಸ್ಪತ್ರೆಯವರು ಕೇಳಿದ್ರು ಕಣ್ರೀ... ಗುರುತು ಸಿಗದ ಹುಡುಗಿ, ಬ್ಯಾಗು ಫೋನು ಏನೂ ಸಿಕ್ಕಿಲ್ಲ, ಹಳದಿ ಫ್ರಾಕು, ವ್ಯಾನು ಹೊಡೆದಿದೆ, ಮುಖ ಊದಿಕೊಂಡಿದೆ ಅಂತ. ನಿಮ್ಮ ವಿವರ ನೋಡಿ, ಇವಳಲ್ಲ ಅಂತ ಹೇಳಿದ್ದು ನಾನೇ. ಒಬ್ಬ ಟೈಲರ್ ಬಟ್ಟೆ ವಿಷಯದಲ್ಲಿ ಸುಳ್ಳು ಹೇಳ್ತಾನೆ ಅಂತ ನಾನು ಯಾಕೆ ಅಂದ್ಕೋಬೇಕು? ...ಆದ್ರೂ ಒಂದು ಸಲ ಹೋಗಿ ನೋಡಬೇಕಿತ್ತು. ನಡೀರಿ, ಮೊದಲು ನಡೀರಿ!”

ಜೀಪಿನಲ್ಲಿ ಸೊಸೆಯ ಪ್ರಶ್ನೆಗಳಿಗೆ ಇನ್ಸ್‌ಪೆಕ್ಟರಮ್ಮ ಉತ್ತರ ಕೊಡುತ್ತಲೇ ಹೋದರು. ಅಪಘಾತ ಆದದ್ದು ಮನೆಗಿಂತ ಎರಡು ಸ್ಟಾಪು ಹಿಂದಿನ ದೊಡ್ಡ ರಸ್ತೆಯಲ್ಲಿ. ಹುಡುಗಿ ಬಸ್ಸಿನಿಂದ ಇಳಿದದ್ದೇ ಓಡತೊಡಗಿದಳಂತೆ. ಅವಳ ಹಿಂದೆ ಒಬ್ಬ ಇಳಿದದ್ದನ್ನು ಹಣ್ಣಿನ ಗಾಡಿಯವಳು ನೋಡಿದ್ದಳು. ಎರಡು ಸ್ಟಾಪು ಮೊದಲೇ ಯಾಕೆ ಇಳಿದಳು ಎಂಬುದನ್ನು ಸೊಸೆ ಕೇಳಲಿಲ್ಲ. ಮನೆಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ಆ ಹುಡುಗಿ ತನ್ನ ದಾರಿ ತಾನೇ ನೋಡಿಕೊಂಡಿದ್ದಳು, ಅಷ್ಟೇ. ಅಣ್ಣ ಜೀಪಿನ ಕಂಬಿ ಹಿಡಿದು, ಅಂದು ನಕ್ಕ ತನ್ನ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡು ಬಿಕ್ಕಿದ.

ಮಂಚದ ತಲೆದೆಸೆಯ ಚೀಟಿಯಲ್ಲಿ ‘ಅಪರಿಚಿತ ಹೆಂಗಸು’ ಎಂದು ಬರೆದಿತ್ತು. ತಲೆಗೆ ಕಟ್ಟು, ಕಣ್ಣಿನ ಸುತ್ತ ನೀಲಿ. ಆ ಊದಿದ ಮುಖವನ್ನು ನೋಡಿ ಅಣ್ಣನಿಗೂ ಗುರುತು ಸಿಗಲಿಲ್ಲ. ದರ್ಜಿ ಮಾತ್ರ ಹೊದಿಕೆಯಡಿಯ ಹೆಗಲಿನ ಅಗಲವನ್ನು ಕಣ್ಣಳತೆಯಲ್ಲೇ ತಿಳಿದ. “ನನ್ನ ಮಗಳೇ!” ಎಂದು ಕುಸಿದು ಕೂತ.

ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಆದರೆ ಎಡಗಾಲು... ಮೂಳೆ ಎರಡು ಕಡೆ ಮುರಿದಿತ್ತು. ತುರ್ತಾಗಿ ಮಾಡಬೇಕಾದ್ದನ್ನೆಲ್ಲ ಮಾಡಿದ್ದರು, ದೊಡ್ಡ ಆಪರೇಷನ್ನಿಗೆ ಸಹಿ ಹಾಕಲು ಅವಳ ಕಡೆಯವರಿಗಾಗಿ ಕಾದಿದ್ದರು. ಕಾಯುವಷ್ಟರಲ್ಲಿ ಗಾಯ ಕೀವಾಯಿತು. “ನಿನ್ನೆ ಬಂದಿದ್ರೆ ಬೇರೆ ಮಾತು ಹೇಳ್ತಿದ್ದೆ. ಇನ್ನು ನಡೀತಾಳೆ, ಆದ್ರೆ ಮೊದಲಿನ ಹಾಗಲ್ಲ” ಎಂದು ಅವರು ಕಾಗದ ಮುಂದೆ ಚಾಚಿದರು. ದರ್ಜಿ ಸಹಿ ಹಾಕಿದ. ಗೆರೆ ಸೊಟ್ಟಗಾಯಿತು.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಸೂಜಿ ಕಣ್ಣು ಬಿಟ್ಟಳು. ಅಪ್ಪನನ್ನು ಕಂಡದ್ದೇ ಅವಳ ಒಣಗಿದ ತುಟಿ ಗಡಿಬಿಡಿಯಿಂದ ಅಲುಗಿತು. ನೋವು ಎನ್ನಲಿಲ್ಲ, ನೀರು ಕೇಳಲಿಲ್ಲ.

“ಅಪ್ಪಾ, ಅಂಗಡಿಯಿಂದ ಸೀದಾ ಹೊರಟೆ... ಎಲ್ಲೂ ನಿಲ್ಲಲಿಲ್ಲ. ಬಸ್ಸಲ್ಲಿ ಹೆಂಗಸರ ಪಕ್ಕನೇ ಕೂತಿದ್ದೆ. ಅವನ ಜೊತೆ ಒಂದು ಮಾತೂ ಆಡಿಲ್ಲ ಅಪ್ಪಾ, ನನ್ನಾಣೆ! ಬೇಕಾದ್ರೆ ಕಂಡಕ್ಟರನ್ನ ಕೇಳಿ...”

ಅಯ್ಯೋ! ಸಾವಿನ ಬಾಯಿಂದ ಹೊರಬಂದ ಮಗು, ತನ್ನ ಹೆತ್ತವನ ಎದುರು ಮೊದಲು ಕೊಟ್ಟದ್ದು ಸಮಜಾಯಿಷಿ! ಸೊಸೆ ಅವಳ ಕೈಯನ್ನು ಎದೆಗೊತ್ತಿಕೊಂಡು, “ಸಾಕು ಕಂದಾ, ಯಾರೂ ಏನೂ ಕೇಳ್ತಿಲ್ಲ” ಎಂದು ಅತ್ತಳು.

ಸೂಜಿ ಅವಳ ಕಡೆ ಮುಖ ತಿರುಗಿಸಿದಳು. “ಎಷ್ಟು ದಿನ ಆಯ್ತು ಅತ್ತಿಗೆ? ನಡುನಡುವೆ ಎಚ್ಚರ ಆಗ್ತಿತ್ತು, ಮಾತು ಮಾತ್ರ ಹೊರಡ್ತಿರಲಿಲ್ಲ. ಯಾರೋ ಬರ್ತಾರೆ ಅಂದ್ಕೋತಿದ್ದೆ... ಯಾಕೆ ಅಷ್ಟು ಹೊತ್ತಾಯ್ತು?”

ಸೊಸೆ ಏನೋ ಒಂದು ಸಬೂಬು ಹೇಳಲು ಬಾಯಿ ತೆರೆದಳು. ದರ್ಜಿ ಕೈ ಎತ್ತಿ ತಡೆದ. ಅಕ್ಕನ ಹೆಸರು ಎತ್ತದೆ, ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡು ಹೇಳಿದ. ಠಾಣೆ, ಲಂಗ, ಆರು ಗುಂಡಿ... ಒಂದನ್ನೂ ಬಿಡಲಿಲ್ಲ.

“ಹಾಗಾದ್ರೆ ಎರಡು ದಿನ ನೀವೆಲ್ಲ ಯಾರನ್ನ ಹುಡುಕ್ತಿದ್ರಿ?”

“ಬೀದಿಯವರು ಒಪ್ಪೋ ಅಂಥ ಒಬ್ಬ ಹುಡುಗೀನ, ತಾಯಿ. ನಿನ್ನನ್ನಲ್ಲ.”

ಸೂಜಿಯ ಕಣ್ಣಂಚಿನಿಂದ ನೀರಿಳಿದು ಕಿವಿ ಸೇರಿತು. ಅವಳು ಬೈಯಲಿಲ್ಲ, ಚೀರಲಿಲ್ಲ. “ಅಪ್ಪಾ, ನೀವು ಸ್ವಲ್ಪ ಹೊತ್ತು ಹೊರಗಿರಿ. ಅತ್ತಿಗೆ ಇರ್ಲಿ” ಎಂದಷ್ಟೇ ಹೇಳಿ ಮುಖ ಗೋಡೆಗೆ ತಿರುಗಿಸಿದಳು. ದರ್ಜಿ ಎದ್ದು ಹೊರಗೆ ಬಂದ. ಬಾಗಿಲು ಅವನ ಬೆನ್ನ ಹಿಂದೆ ಮುಚ್ಚಿಕೊಂಡಿತು.

ಹೊರಗಿನ ಬೆಂಚಿನ ಮೇಲೆ ದೊಡ್ಡತ್ತೆ ಕೂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ! ಬಿಸಿನೀರಿನ ಫ್ಲಾಸ್ಕು ಮಡಿಲಲ್ಲಿ ಹಾಗೇ ಇತ್ತು. ಒಳಗೆ ಹೋಗಲು ಎರಡು ಸಲ ಎದ್ದು ಎರಡು ಸಲವೂ ಕೂತಿದ್ದಳು. ದರ್ಜಿ ಅಕ್ಕನ ಪಕ್ಕದಲ್ಲಿ ಕೂತ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪಕ್ಕದ ವಾರ್ಡಿನ ರೋಗಿಯನ್ನು ನೋಡಿಕೊಳ್ಳುವ ಹೆಂಗಸೊಬ್ಬಳು ಎದುರಿಗೆ ಬಂದು ನಿಂತಳು. ಕುತೂಹಲ ತಡೆಯಲಾಗಿರಲಿಲ್ಲ ಪಾಪ.

“ಆ ಕಾಲು ಮುರಿದ ಹುಡುಗಿ ನಿಮ್ಮವಳಾ? ಅಯ್ಯೋ ಪಾಪ... ಅಷ್ಟೊತ್ತಲ್ಲಿ ಒಬ್ಬಳೇ ಹೊರಗೆ ಏನು ಮಾಡ್ತಿದ್ಲಮ್ಮಾ?”

ದೊಡ್ಡತ್ತೆ ತಲೆ ಎತ್ತಿದಳು.

“ಮನೆಗೆ ಬರ್ತಾ ಇದ್ಲು ಕಣಮ್ಮಾ” ಎಂದಳು. “ಅಷ್ಟೇ. ಮನೆಗೆ ಬರ್ತಾ ಇದ್ಲು.”