ನಾ ಬ್ಯಾಡ ಅಂದ್ರೂ ಮಾರ್ರಿ

"ವರ್ಷದಾಗ ಎಲ್ಲಾದಕ್ಕಿಂತ ಮ್ಯಾಲಿನ ರೇಟ್ ಇವತ್ತು ಐತಿ... ಇವತ್ತೇ ತಗೋತೀರೇನ್ರಿ?!"

ಶಿವದೇವಿ ಕೀಬೋರ್ಡಿನಿಂದ ಕೈ ಹಿಂತೆಗೆದಳು. ಅಮೀರ್‌ಪೇಟ್‌ನ ಸಣ್ಣ ಶೇರು ಆಫೀಸಿನಲ್ಲಿ ಗಿರಾಕಿಗಳ ಆರ್ಡರ್ ಹಾಕುವುದು ಅವಳ ಕೆಲಸ. ಎದುರಿಗೆ ಕೂತವನು ಮಲ್ಲಿಕಾರ್ಜುನ, ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಕೆಮಿಸ್ಟ್. ಈ ತೆಲುಗು ಊರಿನಲ್ಲಿ, ಗಾಬರಿಯಲ್ಲಿ ಅವಳ ಬಾಯಿಂದ ಬಂದ ಕನ್ನಡ ಕೇಳಿ ಅವನ ಕಣ್ಣರಳಿತು.

"ನಮ್ಮ ಕಡೆಯವ್ರು! ಹೌದ್ರಿ, ಏರಾಕತ್ತಿದ್ದನ್ನೇ ತಗೋತೀನಿ. ಆರು ತಿಂಗಳಿಂದ ಉಳಿದ ಶೇರಿಗಿಂತ ಜೋರ್ ಓಡಾಕತ್ತೈತಿ, ಕಂಪನಿ ಲಾಭಾನೂ ಬೆಳಿಯಾಕತ್ತೈತಿ. ನೂರಕ್ಕ ಹತ್ತು ಬಿತ್ತಂದ್ರ ಮಾರಿಬಿಡ್ರಿ. ನಾ ಬ್ಯಾಡ ಅಂದ್ರೂ ಮಾರ್ರಿ!"

ಹಾಗೆಂದೇ ಬರೆದು ಸಹಿ ಹಾಕಿಕೊಟ್ಟ.

ಶಿವದೇವಿಗೆ ಅಣ್ಣ ಅಮರೇಶ ನೆನಪಾದ. ಅವನೂ ಏರುವ ಶೇರಿನ ಬೆನ್ನು ಹತ್ತಿದ್ದ. ಬಿದ್ದಾಗ ಮಾತ್ರ ಮಾರಲಿಲ್ಲ, 'ನಾಳೆ ಏರ್ತೈತಿ' ಎನ್ನುತ್ತಲೇ ಇದ್ದ. ಎರಡು ಸಾವಿರದ ಇಸವಿಯಲ್ಲಿ ದುಡ್ಡೆಲ್ಲ ಮುಳುಗಿತು. ಒಂದು ಬೆಳಿಗ್ಗೆ ಆಫೀಸಿಗೆಂದು ಹೋದವನು... ಮನೆಗೆ ಬರಲೇ ಇಲ್ಲ.

ಮಲ್ಲಿಕಾರ್ಜುನ ವಾರಕ್ಕೊಮ್ಮೆ ಬರತೊಡಗಿದ. ಅವನ ಹೆಜ್ಜೆ ಸದ್ದಿಗೆ ಅವಳ ಮನಸ್ಸು ಅರಳುತ್ತಿತ್ತು. ಹಿಂದೆಯೇ ಭಯವೂ ಬರುತ್ತಿತ್ತು. 'ಇವ್ರೂ ಅಣ್ಣನ್ಹಂಗ ಆದ್ರ...?'

ಎರಡು ಸಾವಿರದ ಎಂಟರ ಜನವರಿ. ಒಂದು ಶುಕ್ರವಾರ ಅವನ ಶೇರು ಕುಸಿಯತೊಡಗಿತು. ಎಂಟು... ಒಂಬತ್ತು... ಹತ್ತು! ಫೋನ್ ಹಚ್ಚಿದಳು. ಬಂದ್. ಕಾರ್ಖಾನೆಯೊಳಗೆ ಫೋನ್ ಇಡುವಂತಿಲ್ಲ. ಕಣ್ಣು ಮುಚ್ಚಿ ಮಾರಿಬಿಟ್ಟಳು.

ಅರ್ಧ ಗಂಟೆಯಲ್ಲಿ ಶೇರು ಮತ್ತೆ ಮೇಲೆ ಬಂತು!

ಸಂಜೆ ಅವನು ಬಂದಾಗ ಮುಖ ಕೆಂಪಾಗಿತ್ತು.

"ಇಷ್ಟು ಅವಸರ ಯಾಕ್ ಮಾಡಿದ್ರಿ? ಸೋಮವಾರ ದುಪ್ಪಟ್ಟು ತಗೋತೀನಿ!"

"ಬ್ಯಾಡ್ರಿ... ಕೈ ಮುಗೀತೀನಿ!"

"ನಿಮಗ ಹೆದರಾಕ ಬಿಟ್ರ ಮತ್ತೇನೂ ಬರಂಗಿಲ್ಲೇನ್ರಿ? ಇನ್ನೊಂದು ಆಫೀಸಿನಾಗೂ ನಂದು ಖಾತೆ ಐತಿ!"

ತಿರುಗಿ ನೋಡದೆ ಹೋದ.

ಸೋಮವಾರ ಇಡೀ ಮಾರ್ಕೆಟ್ ಕುಸಿಯಿತು. ಪರದೆಯ ತುಂಬ ಕೆಂಪು. ಗಿರಾಕಿಯೊಬ್ಬರು ತಲೆ ಹಿಡಿದು ನೆಲಕ್ಕೇ ಕೂತರು. ಶಿವದೇವಿ ಮಲ್ಲಿಕಾರ್ಜುನನಿಗೆ ಹತ್ತು ಸಲ ಫೋನ್ ಹಚ್ಚಿದಳು. ಹತ್ತೂ ಸಲ ಬಂದ್.

'ದುಪ್ಪಟ್ಟು ತಗೊಂಡಿದ್ರ...? ದೇವ್ರೇ!'

ಮಾರ್ಕೆಟ್ ಮುಗಿದದ್ದೇ ತಡ, ಆಟೋ ಹತ್ತಿ, ಬೇಗ ಹೋಗೆಂದು ತೆಲುಗಿನಲ್ಲಿ ಅವಸರಪಡಿಸಿದಳು. "ಜೀಡಿಮೆಟ್ಲಾ ಅನ್ನಾ, ತೊಂದರಗಾ!"

ಗೇಟಿನ ಮುಂದೆ ನಿಂತಳು. ಸೈರನ್ ಕೂಗಿತು. ಗುಂಪು ಗುಂಪಾಗಿ ಜನ ಹೊರಬಂದರು. ಅವನಿಲ್ಲ. ಗುಂಪು ಕರಗಿತು. ಅವನಿಲ್ಲ! ವಾಚ್‌ಮನ್ ಗೇಟು ಎಳೆಯತೊಡಗಿದಾಗ ಅವಳು ಸರಳು ಹಿಡಿದು ಒಳಗೆ ಇಣುಕಿದಳು.

"ಶಿವದೇವಿಯವ್ರ...?"

ಎಲ್ಲರಿಗಿಂತ ಕೊನೆಗೆ, ಔಷಧದ ಘಾಟು ಹೊತ್ತು, ಅವನು ಬಂದಿದ್ದ.

"ತಗೊಂಡ್ರೇನ್ರಿ?!" ಅವಳು ಚೀರಿಯೇಬಿಟ್ಟಳು.

"ಇಲ್ರಿ."

ಅವಳು ಅಲ್ಲೇ ಅತ್ತಳು. ಬಿಕ್ಕುತ್ತಲೇ ಅಣ್ಣನ ಕಥೆ ಹೇಳಿದಳು. ಮಲ್ಲಿಕಾರ್ಜುನ ತಲೆ ತಗ್ಗಿಸಿದ.

"ನನಗ ಗೊತ್ತಿರ್ಲಿಲ್ರಿ... ತಪ್ಪಾತು. ಮುಂಜಾನೆ ಆ ಆಫೀಸಿಗೆ ಹೋಗಿದ್ದೆ. ಅಲ್ಲಿಯವ 'ಎಷ್ಟು ಸಾರ್?' ಅಂದ, ಅಷ್ಟ. ಬ್ಯಾಡ ಅನ್ನಾವ್ರೇ ಇರ್ಲಿಲ್ಲ. ನನಗ ಜೀವನದಾಗ ಮೊದಲ ಸಲ ಹೆದರಿಕಿ ಆತು... ಎದ್ದು ಬಂದೆ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ನನಗ ಬ್ಯಾಡ ಅನ್ನಾಕ ನೀವ್ ಬೇಕ್ರಿ," ಅಂದ ಮೆಲ್ಲಗೆ. "ನಿಮ್ಮವ್ವಾರ ಕೂಡ ಮಾತಾಡಾಕ ಮನಿಗೆ ಬರ್ಲೇನ್ರಿ?"

"ಶೇರಿನ ಹೆಸರು ತಗದ್ರ ಅವ್ವ ಬಾಗ್ಲಾ ಹಾಕ್ತಾಳ್ರಿ..."

"ಹಂಗಾರ ಏನ್ ಹೇಳ್ಲಿ?"

ಅವಳು ಕಣ್ಣೊರೆಸಿಕೊಂಡಳು. ಅವನ ತೋಳನ್ನು ಮೊದಲ ಸಲ ಹಿಡಿದಳು.

"ಖರೇ ಹೇಳ್ರಿ. ನಾ ಬಾಜೂಕ ಕುಂತಿರ್ತೀನಿ."